ಭವರೋಗಕ್ಕೆ ಭಕ್ತಿ, ದೇಹರೋಗಕ್ಕೆ ಔಷಧ



ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ವಿಭೂತಿಯನ್ನು ಸ್ವೀಕರಿಸಿದ ಬಳಿಕ, "ಇನ್ನು ಮಾತ್ರೆಗಳನ್ನು ನಿಲ್ಲಿಸಬಹುದೇ?" ಎಂದು ಕೇಳುವುದುಂಟು. ಈ ಪ್ರಶ್ನೆಯ ಹಿಂದಿರುವ ಶ್ರದ್ಧೆಯನ್ನು ಹಗುರವಾಗಿ ಕಾಣಲಾಗದು. ಆದರೆ ಶ್ರದ್ಧೆಗೂ ಚಿಕಿತ್ಸೆಗೂ ಇರುವ ಸಂಬಂಧವನ್ನು ನಮ್ಮ ಹಿರಿಯರು ಹೇಗೆ ಕಂಡಿದ್ದರೆಂಬುದನ್ನು ಮೊದಲು ಅರಿಯುವುದು ಲೇಸು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಪ್ರತೀತಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವರ ಮಠವಾಗಿತ್ತು. ಬಿಜ್ಜಳನ ಆಳ್ವಿಕೆಗೆ ಸೇರಿದ ಕ್ರಿ.ಶ. 1162ರ ಶಾಸನವು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಖ್ಯಾನ ಅಲ್ಲಿ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ಜೈನ ಕ್ಷಪಣಕರಿಗೂ ಆ ಪಂಕ್ತಿಯಲ್ಲಿ ಸ್ಥಾನವಿತ್ತು. ಅಷ್ಟೇ ಅಲ್ಲದೆ, ದಿಕ್ಕಿಲ್ಲದ ರೋಗಿಗಳ ನಾನಾ ವ್ಯಾಧಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನ ಇದೆಂದು ಆ ಶಾಸನವು ಸ್ಪಷ್ಟವಾಗಿ ಸಾರುತ್ತದೆ. ಶಿವಪೂಜೆ ನಿತ್ಯವೂ ನಡೆಯುತ್ತಿದ್ದ ಆವರಣದಲ್ಲಿಯೇ ರೋಗಿಗೆ ಮದ್ದು ಸಿಗುತ್ತಿತ್ತೆಂಬುದು ಗಮನಾರ್ಹ. ಪೂಜೆಯಿದೆಯೆಂದು ಮದ್ದನ್ನು ಬಿಡಲಿಲ್ಲ; ಮದ್ದು ಕೊಡುವುದೂ ಶಿವನ ಸೇವೆಯಾಯಿತು.

ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಈ ಭಾವಕ್ಕೆ ಹೊಸ ಆಧಾರವನ್ನು ಒದಗಿಸಿದರು. ಭಯದಿಂದ ಕ್ಷುದ್ರದೈವಗಳಿಗೆ ಹರಕೆ ಹೊರುವುದನ್ನು ಬಸವಣ್ಣನವರು ಕಟುವಾಗಿ ಖಂಡಿಸಿದರು. ದೇಹವನ್ನು ದೇವಾಲಯವಾಗಿ ಕಂಡವರಿಗೆ ಅದರ ಪಾಲನೆಯೂ ಪೂಜೆಯ ಅಂಗವೇ ಆಗುತ್ತದೆ. ಶರಣ ಸಂಕುಲದಲ್ಲಿ ವೈದ್ಯ ಸಂಗಣ್ಣನವರಿದ್ದರು. ರೋಗಿಗಳ ಶುಶ್ರೂಷೆಯೇ ಅವರ ಕಾಯಕ. ರೋಗ, ಮದ್ದು, ಪಥ್ಯ ಮುಂತಾದ ತಮ್ಮ ವೃತ್ತಿಯ ಪರಿಭಾಷೆಯಿಂದಲೇ ಅವರು ವಚನಗಳಲ್ಲಿ ಭವರೋಗದ ಪರಿಹಾರವನ್ನು ಬೋಧಿಸಿದರು. ದೇಹರೋಗಕ್ಕೆ ಔಷಧ, ಭವರೋಗಕ್ಕೆ ಶಿವಭಕ್ತಿ: ಈ ಎರಡರ ಅರಿವೂ ಒಬ್ಬರೇ ಶರಣರಲ್ಲಿ ನೆಲೆಸಿತ್ತು. ಒಂದು ಇನ್ನೊಂದರ ಸ್ಥಾನವನ್ನು ಕಸಿಯಲಿಲ್ಲ.

ಈ ಪರಂಪರೆಯು ನಮ್ಮ ಕಾಲಕ್ಕೂ ಹರಿದುಬಂದಿದೆ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದು ಇದಕ್ಕೊಂದು ನಿದರ್ಶನ. ಕೋಡಿಯಮಠದ ಔಷಧಶಾಲೆಗೂ ಇಂದಿನ ಆಸ್ಪತ್ರೆಗೂ ವಿದ್ಯೆಯಲ್ಲಿ ಬಹಳ ಅಂತರವಿದ್ದರೂ ದಾಸೋಹಭಾವ ಒಂದೇ.

ಹಾಗಾದರೆ ವಿಭೂತಿಯ ಫಲವೇನು? ಅದು ರೋಗಿಯ ಮನಸ್ಸಿಗೆ ಧೈರ್ಯವನ್ನು ನೀಡುತ್ತದೆ, ತಾನು ಒಂಟಿಯಲ್ಲವೆಂಬ ಭರವಸೆಯನ್ನು ತುಂಬುತ್ತದೆ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಅದನ್ನು ಭಕ್ತಿಯೆಂದು ಕರೆಯಲಾಗದು. ಆದುದರಿಂದ ವಿಭೂತಿಯನ್ನು ಧರಿಸೋಣ, ಮದ್ದನ್ನು ತಪ್ಪದೆ ಸೇವಿಸೋಣ, ನೆರೆಮನೆಯಲ್ಲಿ ದಿಕ್ಕಿಲ್ಲದ ರೋಗಿಯಿದ್ದರೆ ಆಸ್ಪತ್ರೆಗೆ ಕರೆದೊಯ್ಯೋಣ. ಬಳ್ಳಿಗಾವೆಯ ಶಾಸನವು ನಮಗೆ ಕಲಿಸುವ ಪಾಠ ಇದೇ.