ಕೊಡಗು ಮತ್ತು ಭಂಗಿ ಸೊಪ್ಪಿನ ಮದ್ದು

ಭಂಗಿ ಗಿಡ ಮೂರು ರೂಪದಲ್ಲಿ ಬಳಕೆಗೆ ಬಂದಿದೆ. ಎಲೆ ಭಂಗಿ ಸೊಪ್ಪು, ಹೆಣ್ಣು ಗಿಡದ ಹೂಗೊಂಚಲು ಗಾಂಜಾ, ಅದರ ಅಂಟು ಚರಸ್. ಚರಸ್ ಹಿಮಾಲಯದ ಕಡೆಯ ಸರಕು. ದಕ್ಷಿಣದ ಜನರಿಗೆ ಪರಿಚಯವಿದ್ದದ್ದು ಸೊಪ್ಪು ಮತ್ತು ಗಾಂಜಾ. ಈ ಗಿಡವನ್ನು ಮದ್ದಾಗಿ ಬಳಸಿದವರೆಲ್ಲ ಅದಕ್ಕೊಂದು ಕಟ್ಟುಪಾಡು ಹಾಕಿಕೊಂಡೇ ಬಳಸಿದರು. ಮೊದಲು ವೈದ್ಯರು, ಆಮೇಲೆ ಸರ್ಕಾರ, ಕೊನೆಗೆ ಕಾನೂನು ಆ ಕಟ್ಟುಪಾಡನ್ನು ರೂಪಿಸಿದವು.

ಆಯುರ್ವೇದದಲ್ಲಿ ಭಂಗಿಗೆ ವಿಜಯಾ ಎಂಬ ಹೆಸರೂ ಇದೆ. ಶಾರ್ಙ್ಗಧರ ಸಂಹಿತೆ ಇದನ್ನು ಅಫೀಮಿನ ಜೊತೆಗೆ ‘ವ್ಯವಾಯಿ’ ದ್ರವ್ಯಕ್ಕೆ ಉದಾಹರಣೆಯಾಗಿ ಕೊಡುತ್ತದೆ: ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ವಸ್ತು ಎಂದು ಅದರ ಅರ್ಥ. ಇಂಥ ಗುಣವುಳ್ಳದ್ದನ್ನು ಹಸಿಯಾಗಿ ಕೊಡುವಂತಿಲ್ಲ, ಶುದ್ಧಿ ಮಾಡಿಯೇ ಕೊಡಬೇಕು. ಒಂದು ಪದ್ಧತಿಯಲ್ಲಿ ಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ನೆನೆಸುತ್ತಾರೆ; ಹಿಂಡಿದಾಗ ಹಸಿರು ನೀರು ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೊಳೆಯುತ್ತಾರೆ; ನೆರಳಿನಲ್ಲಿ ಒಣಗಿಸಿ, ಹಸುವಿನ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಹಸುವಿನ ಹಾಲಿನಲ್ಲಿ ಬೇಯಿಸುತ್ತಾರೆ. ಹೀಗೆ ಶುದ್ಧಿಯಾದ ಸೊಪ್ಪು ಜಾತೀಫಲಾದಿ ಚೂರ್ಣದಂಥ ಔಷಧಗಳಲ್ಲಿ ಸೇರುತ್ತದೆ. ಜಾಯಿಕಾಯಿ, ಲವಂಗ ಮುಂತಾದವುಗಳ ಜೊತೆ ಸಕ್ಕರೆ ಬೆರೆಸಿದ ಈ ಚೂರ್ಣವನ್ನು ಗ್ರಹಣಿ, ಅತಿಸಾರಗಳಿಗೆ ಕೊಡುವುದು ರೂಢಿ.

ಎಲೆಯನ್ನು ಮದ್ದು ಮಾಡುವ ಶಿಸ್ತು ಕೊಡಗಿಗೆ ಹೊಸದಲ್ಲ. ಭಂಗಿಗೆ ಯಾವ ಸಂಬಂಧವೂ ಇಲ್ಲದ, ಅಮಲೂ ಇಲ್ಲದ ಮದ್ದು ಸೊಪ್ಪು ಇದಕ್ಕೆ ಒಳ್ಳೆಯ ನಿದರ್ಶನ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಅದರಲ್ಲಿ ಹದಿನೆಂಟು ಬಗೆಯ ಔಷಧ ಕೂಡಿರುತ್ತದೆ ಎಂಬುದು ನಂಬಿಕೆ. ನಾಟಿ ಕೆಲಸದ ಜಡಿಮಳೆಯಲ್ಲಿ ನೆನೆದ ಮೈಗೆ ಅಂದು ಆ ಸೊಪ್ಪನ್ನು ಕುದಿಸಿ, ಕಡುನೇರಳೆ ಬಣ್ಣದ ರಸ ತೆಗೆದು ಪಾಯಸ, ಪುಟ್ಟು ಮಾಡಿ ಉಣ್ಣುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾಗುವುದು ಮದ್ದು ಮೈಗೆ ಹತ್ತಿದ ಗುರುತು ಎನ್ನುವವರಿದ್ದಾರೆ. ಯಾವ ಸೊಪ್ಪು, ಯಾವ ದಿನ, ಹೇಗೆ ಬೇಯಿಸಬೇಕು ಎಂಬುದು ಇಲ್ಲಿ ಮನೆಯ ಹಿರಿಯರಿಂದ ಕಿರಿಯರಿಗೆ ದಾಟುವ ತಿಳಿವಳಿಕೆ. ಭಂಗಿಯಂಥ ಬಲವಾದ ಸೊಪ್ಪಿಗೆ ಮನೆಮಟ್ಟದ ತಿಳಿವಳಿಕೆ ಸಾಲದು, ವೈದ್ಯನ ಕೈ ಬೇಕು.

ಪಾಶ್ಚಾತ್ಯ ವೈದ್ಯಕ್ಕೆ ಭಂಗಿಯನ್ನು ಪರಿಚಯಿಸಿದವನು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ವಿಲಿಯಂ ಓಶಾನೆಸ್ಸಿ. ತನ್ನ ಪ್ರಯೋಗಗಳನ್ನು ಅವನು 1839ರಲ್ಲಿ ಪ್ರಕಟಿಸಿದ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಸಂಧಿವಾತದ ಒಬ್ಬ ರೋಗಿಗೆ ಮಧ್ಯಾಹ್ನ ಎರಡು ಗಂಟೆಗೆ ಒಂದು ಗ್ರೇನ್ ಅಂಟನ್ನು ಕರಗಿಸಿ ಕೊಟ್ಟರು. ನಾಲ್ಕರ ಹೊತ್ತಿಗೆ ಅವನ ಮಾತು ಹೆಚ್ಚಿತು, ಹಾಡತೊಡಗಿದ. ಆರಕ್ಕೆ ನಿದ್ದೆ ಹೋದ. ಎಂಟಕ್ಕೆ ಎಚ್ಚರವೇ ಇರಲಿಲ್ಲ, ಕೈಕಾಲು ಇಟ್ಟಲ್ಲೇ ನಿಲ್ಲುತ್ತಿದ್ದವು. ಅವನು ಚೇತರಿಸಿಕೊಂಡ. ಹೊಟ್ಟೆಗೆ ಹೋದ ಭಂಗಿ ತಡವಾಗಿ ಏರುತ್ತದೆ, ಏರಿದ ಮೇಲೆ ಬೇಗ ಇಳಿಯುವುದಿಲ್ಲ ಎಂಬುದು ಆ ಮಧ್ಯಾಹ್ನವೇ ಗೊತ್ತಾಗಿತ್ತು. ಇನ್ನೂ ಏನೂ ಆಗಲಿಲ್ಲವಲ್ಲ ಎಂದು ಎರಡನೆಯ ಸಲ ತಿಂದು ಆಸ್ಪತ್ರೆ ಸೇರುವವರು ಇಂದಿಗೂ ಎಡವುವುದು ಇಲ್ಲಿಯೇ. ಧನುರ್ವಾಯು, ಮಕ್ಕಳ ಸೆಳವುಗಳಲ್ಲಿಯೂ ಓಶಾನೆಸ್ಸಿ ಇದನ್ನು ಬಳಸಿದ. ಬ್ರಿಟಿಷ್ ಫಾರ್ಮಕೋಪಿಯ ಸೇರಿದ ಈ ಔಷಧ 1932ರ ಆವೃತ್ತಿಯಿಂದ ಹೊರಬಿತ್ತು. ಒಂದು ಸೀಸೆಯ ಬಲ ಇನ್ನೊಂದಕ್ಕಿರದೆ ಪ್ರಮಾಣ ಹೇಳುವುದೇ ಕಷ್ಟವಾದದ್ದು ಅದು ಹಿಂದೆ ಸರಿಯಲು ದೊಡ್ಡ ಕಾರಣ.

ಈ ಇತಿಹಾಸದಲ್ಲಿ ಕೊಡಗಿನ ಹೆಸರು ಬರುವುದು 1893–94ರಲ್ಲಿ. 1834ರಲ್ಲಿ ರಾಜ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ವಶಪಡಿಸಿಕೊಂಡ ಕೊಡಗು ಆಗ ಪ್ರತ್ಯೇಕ ಸಣ್ಣ ಪ್ರಾಂತ್ಯ; ಮೈಸೂರಿನ ರೆಸಿಡೆಂಟನೇ ಅದರ ಚೀಫ್ ಕಮಿಷನರ್. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗಾಂಜಾದ ಹಾವಳಿಯ ಪ್ರಶ್ನೆ ಎದ್ದಾಗ ಸರ್ಕಾರ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಅದು ಒಟ್ಟು 1,193 ಸಾಕ್ಷಿಗಳನ್ನು ಕೇಳಿತು. ಕೊಡಗಿನಿಂದ ಬಂದ ಹೇಳಿಕೆಗಳು ಮುಂಬಯಿ, ಸಿಂಧ್, ಬರ್ಮಾ ಮುಂತಾದವುಗಳ ಜೊತೆ ಒಂದೇ ಸಂಪುಟದಲ್ಲಿ ಅಚ್ಚಾದವು. ಯಾರು ಬೆಳೆಯುತ್ತಾರೆ, ಯಾರು ಮಾರುತ್ತಾರೆ, ಯಾವ ಕಾಯಿಲೆಗೆ ಕೊಡುತ್ತಾರೆ, ದನಕರುಗಳಿಗೂ ಕೊಡುತ್ತಾರೆಯೇ ಎಂದು ಎಲ್ಲ ಪ್ರಾಂತ್ಯಗಳಿಗೂ ಒಂದೇ ಪ್ರಶ್ನಾವಳಿ ಹೋಗಿತ್ತು. ಆಯೋಗದ ದೊಡ್ಡ ಕೆಲಸವೆಂದರೆ ಹುಚ್ಚಾಸ್ಪತ್ರೆಗಳ ದಾಖಲೆಯನ್ನು ಮತ್ತೆ ಕೆದಕಿದ್ದು. ಗಾಂಜಾದಿಂದ ಹುಚ್ಚು ಎಂದು ಬರೆದಿದ್ದ ಪ್ರಕರಣಗಳಲ್ಲಿ ಎಷ್ಟೋ ಕಡೆ ವಿಚಾರಣೆಯೇ ನಡೆದಿರಲಿಲ್ಲ. ಪರಿಶೀಲನೆಯ ನಂತರ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಮಿತ ಬಳಕೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಅತಿಯಾದರೆ ಮೈಗೂ ಮನಸ್ಸಿಗೂ ಕೇಡು, ಪೂರ್ತಿ ನಿಷೇಧ ಬೇಡ, ಬೇಸಾಯಕ್ಕೂ ಮಾರಾಟಕ್ಕೂ ಲೈಸೆನ್ಸು ಮತ್ತು ತೆರಿಗೆ ಇರಲಿ ಎಂಬುದು ಅದರ ತೀರ್ಮಾನ. ತೆರಿಗೆಯ ಆದಾಯ ಸರ್ಕಾರಕ್ಕೆ ಹಿತವಾಗಿತ್ತು ಎಂಬುದನ್ನು ಮರೆಯಬಾರದು. ಆದರೂ ಗಾಳಿಸುದ್ದಿಯನ್ನು ಬಿಟ್ಟು ದಾಖಲೆ ನೋಡಿದ ಆ ವಿಚಾರಣೆಯ ತೂಕ ಕಡಿಮೆಯಾಗುವುದಿಲ್ಲ.

ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಂತರ 1965ರ ಅಬಕಾರಿ ಕಾಯ್ದೆ ಭಂಗಿ, ಗಾಂಜಾಗಳನ್ನೂ ತನ್ನ ವ್ಯಾಪ್ತಿಗೆ ತಂದಿತು. ಎಲ್ಲವನ್ನೂ ಬದಲಿಸಿದ್ದು ಮಾದಕದ್ರವ್ಯಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ. ಅದರಲ್ಲಿ ಗಾಂಜಾ, ಚರಸ್ ನಿಷಿದ್ಧ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಮಾತ್ರ ನಿಯಮಾನುಸಾರ ಅವಕಾಶ. 20 ಕೆ.ಜಿ. ಮೀರಿದ ಗಾಂಜಾ ವಾಣಿಜ್ಯ ಪ್ರಮಾಣವಾಗುತ್ತದೆ, ಶಿಕ್ಷೆ ಹತ್ತು ವರ್ಷದಿಂದ ಮೇಲೆ. ಹೂಗೊನೆಯಿಲ್ಲದ ಬರೀ ಎಲೆ ಈ ವ್ಯಾಖ್ಯೆಗೆ ಬರುವುದಿಲ್ಲ. ಭಂಗಿಯ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2022ರ ಆಗಸ್ಟಿನಲ್ಲಿ ಇದನ್ನೇ ಗಮನಿಸಿ ಜಾಮೀನು ನೀಡಿತು. ಕಾಫಿ ತೋಟದ ನಡುವೆ, ಕಾಡಂಚಿನಲ್ಲಿ ಕದ್ದು ಬೆಳೆಯುವ ಗಾಂಜಾ ಮಾತ್ರ ಕೊಡಗಿನಲ್ಲಿ ಎಂದಿಗೂ ಅಪರಾಧವೇ. ಅದರಲ್ಲಿ ಏನೆಷ್ಟಿದೆ ಎಂದು ಅಳೆದವರಿಲ್ಲದ ಕಾರಣ ಅದು ಮದ್ದೂ ಆಗಲಾರದು.

ಇಂದು ರೋಗಿಗೆ ಉಳಿದಿರುವ ದಾರಿ ನೋಂದಾಯಿತ ವೈದ್ಯರ ಚೀಟಿ ಮತ್ತು ಪರವಾನಗಿ ಇರುವ ಕಾರ್ಖಾನೆಯ ಔಷಧ. 1945ರ ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ಭಂಗಿ ವಿಷದ್ರವ್ಯವಾಗಿ ಸೇರಿದೆ. ಅದಿರುವ ಆಯುರ್ವೇದ ಔಷಧದ ಲೇಬಲ್ ಮೇಲೆ ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ. ಅಮಲಿನ ಅಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಶುಲಂ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಬೇರ್ಪಡಿಸಿದ ಮೇಲೆ ಬಲವನ್ನು ಅಳೆಯುವ ಹಳೆಯ ಕಷ್ಟ ನೀಗಿತು. 2018ರಲ್ಲಿ ಅಮೆರಿಕ, ಮಕ್ಕಳ ಎರಡು ಕಠಿಣ ಬಗೆಯ ಅಪಸ್ಮಾರಕ್ಕೆ ಇನ್ನೊಂದು ಅಂಶವಾದ ಸಿಬಿಡಿಯಿಂದ ಮಾಡಿದ ಔಷಧವನ್ನು ಒಪ್ಪಿತು. ಗರ್ಭಿಣಿಯರು, ಹಾಲೂಡಿಸುವವರು, ಮನೆತನದಲ್ಲಿ ಮನೋರೋಗ ಇರುವವರು ಟಿಎಚ್‌ಸಿ ಇರುವ ಔಷಧದಿಂದ ದೂರ ಇರಬೇಕು. ಹೃದ್ರೋಗಿಗಳೂ ಹದಿಹರೆಯದವರೂ ವೈದ್ಯರಿಗೆ ತಿಳಿಸದೆ ಮುಟ್ಟಬಾರದು. ಮದ್ಯ, ನಿದ್ದೆ ಮಾತ್ರೆಗಳ ಜೊತೆ ಬೆರೆಸಿದರೆ ಮಂಪರು ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಬಲವನ್ನು ಸಿಬಿಡಿ ಏರಿಸಬಲ್ಲದು. ಟಿಎಚ್‌ಸಿ ಇರುವ ಔಷಧ ಸೇವಿಸಿದ ದಿನ ಘಟ್ಟದ ರಸ್ತೆಯಲ್ಲಿ ವಾಹನ ಓಡಿಸುವುದು ಸಲ್ಲದು.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗ ಈ ಗಿಡವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆಯಲು ಮತ ಹಾಕಿತು. ಪರವಾಗಿ ಬಂದ 27 ಮತಗಳಲ್ಲಿ ಭಾರತದ್ದೂ ಒಂದು, ವಿರುದ್ಧ 25. ದೇಶದೊಳಗಿನ 1985ರ ಕಾಯ್ದೆ ಮಾತ್ರ ಅದರಿಂದ ಬದಲಾಗಲಿಲ್ಲ.