ಊಹೆಯಿಂದ ಸಿದ್ಧಾಂತದವರೆಗೆ: ವಿಕಾಸವಾದ ಬೆಳೆದು ಬಂದ ಬಗೆ



ನಮ್ಮ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಹೋದ ಹುಡುಗನೊಬ್ಬ ಈಗ ಪ್ಲಸ್ ಟು ಓದುತ್ತಿದ್ದಾನೆ. ಮೊನ್ನೆ ಏನೋ ಸರ್ಟಿಫಿಕೇಟಿಗೆಂದು ಶಾಲೆಗೆ ಬಂದವನು ಮಾತಿನ ನಡುವೆ ಕೇಳಿದ: "ಮಾಷ್ಟ್ರೇ, ಡಾರ್ವಿನ್ ಹೇಳಿದ್ದು ಬರೀ ಥಿಯರಿ ಅಲ್ವಾ? ಅದನ್ನು ಯಾಕೆ ನಿಜ ಅಂತ ಕಲಿಸ್ತಾರೆ?"

ನಾನು ಟಿ.ಸಿ.ಎಚ್. ಮಾಡಿ ಬಿ.ಎ. ಓದಿದವ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಯು.ಪಿ. ತರಗತಿಗಳಲ್ಲಿ ಎಲ್ಲವನ್ನೂ ಪಾಠ ಮಾಡಿದ್ದೇನೆ. ಅವನಿಗೆ ಆಗ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದಗಳ ತೊಡಕು. ನಾವು 'ವಿಕಾಸವಾದ' ಎನ್ನುತ್ತೇವೆ. 'ವಾದ' ಎಂದೊಡನೆ ಮಕ್ಕಳಿಗೆ ಚರ್ಚಾಸ್ಪರ್ಧೆ ನೆನಪಾಗುತ್ತದೆ, ಪರ ಇದ್ದಂತೆ ವಿರೋಧವೂ ಇರಬಹುದು ಎಂದು. ಗಡಿಯ ಈಚೆ ಇರುವ ನಮಗೆ ಇನ್ನೂ ಒಂದು ತಮಾಷೆ ಇದೆ. ಮಲಯಾಳದಲ್ಲಿ ಇದಕ್ಕೆ 'ಪರಿಣಾಮ ಸಿದ್ಧಾಂತಂ' ಎನ್ನುತ್ತಾರೆ. ಕನ್ನಡದಲ್ಲಿ ಪರಿಣಾಮ ಎಂದರೆ ಫಲ, ಪ್ರಭಾವ! ಆದರೆ 'ಸಿದ್ಧಾಂತ' ಎಂಬ ಪದ ಚೆನ್ನಾಗಿದೆ. ಸಿದ್ಧವಾದ ಅಂತ, ಅಂದರೆ ಪರೀಕ್ಷೆಗಳನ್ನೆಲ್ಲ ದಾಟಿ ನಿಂತ ತೀರ್ಮಾನ. ವಿಜ್ಞಾನದಲ್ಲಿ ಥಿಯರಿ ಎಂದರೆ ಇದು. ನಾವು ದಿನಬಳಕೆಯಲ್ಲಿ ಥಿಯರಿ ಎನ್ನುವುದು ಊಹೆಗೆ. ಊಹೆ ಸಿದ್ಧಾಂತವಾಗಲು ಎಷ್ಟು ಕಷ್ಟವಿದೆ ಎಂಬುದೇ ಈ ಕಥೆ.

ಡಾರ್ವಿನ್ ಮೊದಲಿಗನಲ್ಲ. 1796ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕುವಿಯೇ ಎಂಬ ವಿಜ್ಞಾನಿ ಆನೆಗಳ ಎಲುಬುಗಳನ್ನು ಹೋಲಿಸಿ, ಮ್ಯಾಮತ್ ಎಂಬುದು ಈಗಿನ ಆನೆಯಲ್ಲ, ಅಳಿದುಹೋದ ಬೇರೆಯೇ ಪ್ರಾಣಿ ಎಂದು ತೋರಿಸಿದ. ಜೀವಜಾತಿಗಳು ಅಳಿಯುತ್ತವೆ ಎಂದು ಆಗ ಗಟ್ಟಿಯಾಯಿತು. ವಿಚಿತ್ರವೆಂದರೆ ಅವು ಬದಲಾಗುತ್ತವೆ ಎಂಬುದನ್ನು ಕುವಿಯೇ ಒಪ್ಪಲಿಲ್ಲ. ಒಪ್ಪಿದವನು ಅದೇ ಊರಿನ ಲಾಮಾರ್ಕ್. 1809ರಲ್ಲಿ ಆತ, ಬಳಸಿದ ಅಂಗ ಬೆಳೆಯುತ್ತದೆ, ಬಳಸದ್ದು ಕ್ಷೀಣಿಸುತ್ತದೆ, ಆ ಬದಲಾವಣೆ ಮರಿಗಳಿಗೂ ದಾಟುತ್ತದೆ ಎಂದ. ಈ ವಿವರಣೆ ಆಮೇಲೆ ನಿಲ್ಲಲಿಲ್ಲ. ಆದರೆ ಜೀವಿಗಳು ಬದಲಾಗುತ್ತವೆ ಎಂಬ ಮುಖ್ಯ ಮಾತು ನಿಂತಿತು. ಲಾಮಾರ್ಕ್ ಎಂದರೆ ನಗುವ ಅಭ್ಯಾಸ ನಮಗಿದೆ, ಅದು ಸರಿಯಲ್ಲ. 1830ರಲ್ಲಿ ಚಾರ್ಲ್ಸ್ ಲಯೆಲ್, ಮಳೆ, ಹೊಳೆ, ಜ್ವಾಲಾಮುಖಿಗಳಂಥ ಇಂದಿನ ಶಕ್ತಿಗಳೇ ಬಹುಕಾಲ ಕೆಲಸ ಮಾಡಿ ಭೂಮಿಯನ್ನು ರೂಪಿಸಿವೆ ಎಂದು ಬರೆದ. ಆ ಪುಸ್ತಕ ಬೀಗಲ್ ಹಡಗಿನಲ್ಲಿ ಡಾರ್ವಿನ್ನನ ಜೊತೆ ಹೋಯಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಡಾರ್ವಿನ್ ಗಲಾಪಗೋಸ್ ದ್ವೀಪಗಳಲ್ಲಿ ಹಕ್ಕಿಗಳ ಕೊಕ್ಕು ನೋಡಿದ, ತಕ್ಷಣ ಎಲ್ಲ ಹೊಳೆಯಿತು ಎಂದು ವರ್ಷಗಟ್ಟಲೆ ಪಾಠ ಮಾಡಿದವ ನಾನು. ಅದು ಹಾಗಲ್ಲ. 1835ರಲ್ಲಿ ಅಲ್ಲಿದ್ದಾಗ ಆತನಿಗೆ ಆ ಹಕ್ಕಿಗಳ ಗುರುತೇ ಸರಿಯಾಗಿ ಸಿಗಲಿಲ್ಲ. ಯಾವ ಹಕ್ಕಿ ಯಾವ ದ್ವೀಪದ್ದು ಎಂದು ಚೀಟಿ ಸಹ ಸರಿಯಾಗಿ ಅಂಟಿಸಿರಲಿಲ್ಲ. ಲಂಡನ್ನಿಗೆ ಮರಳಿದ ಮೇಲೆ, 1837ರಲ್ಲಿ, ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ನೋಡಿ, ಇವೆಲ್ಲ ಹತ್ತಿರದ ಸಂಬಂಧದ ಬೇರೆ ಬೇರೆ ಫಿಂಚುಗಳು ಎಂದ. ಅದೇ ವರ್ಷ ಡಾರ್ವಿನ್ ಜಾತಿಗಳ ಬದಲಾವಣೆ ಬಗ್ಗೆ ಟಿಪ್ಪಣಿ ಪುಸ್ತಕ ತೆರೆದ. 1838ರಲ್ಲಿ ಮಾಲ್ತಸ್ ಬರೆದ ಜನಸಂಖ್ಯೆಯ ಪ್ರಬಂಧ ಓದಿದ. ಹುಟ್ಟುವವು ಬಹಳ, ಬದುಕುವವು ಕೆಲವು. ಹಾಗಾದರೆ ಉಳಿಯುವವು ಯಾವುವು? ಪರಿಸರಕ್ಕೆ ಹೊಂದುವ ಚಿಕ್ಕ ವ್ಯತ್ಯಾಸ ಇರುವವು. ಅವುಗಳ ಸಂತತಿ ಹೆಚ್ಚುತ್ತದೆ. ಇದೇ ನೈಸರ್ಗಿಕ ಆಯ್ಕೆ.

ಹೊಳೆದ ಕೂಡಲೇ ಅಚ್ಚು ಹಾಕಿಸಿದನೆ? ಇಲ್ಲ. 1842ರಲ್ಲಿ ಪೆನ್ಸಿಲಿನಲ್ಲಿ ಸಣ್ಣ ಕರಡು, 1844ರಲ್ಲಿ ಸುಮಾರು 230 ಪುಟಗಳ ಬರಹ. ನಾನು ಸತ್ತರೆ ಇದನ್ನು ಪ್ರಕಟಿಸು ಎಂದು ಹೆಂಡತಿಗೆ ಪತ್ರ ಬರೆದಿಟ್ಟು ಸುಮ್ಮನಾದ. ಆಮೇಲೆ ಎಂಟು ವರ್ಷ ಕಡಲಿನ ಬಂಡೆಗೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳ ಅಭ್ಯಾಸ ಮಾಡಿದ. ಪುರಾವೆ ಸಾಲದು ಎಂಬ ಅಳುಕು ಅವನಿಗಿತ್ತು.

ಈಗ ನನಗೆ ತುಂಬ ಇಷ್ಟವಾದ ವ್ಯಕ್ತಿಯ ಸಂಗತಿ. ಆಲ್ಫ್ರೆಡ್ ರಸೆಲ್ ವಾಲೇಸ್ ಬಡ ಕುಟುಂಬದವ. ಸುಮಾರು 14ನೇ ವಯಸ್ಸಿಗೆ ಶಾಲೆ ಬಿಟ್ಟ. 1844ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ ಶಾಲೆಯೊಂದರಲ್ಲಿ ಮಾಷ್ಟ್ರಾದ! ಮಾಲ್ತಸನ ಪುಸ್ತಕ ಅವನಿಗೆ ಸಿಕ್ಕಿದ್ದು ಆ ಊರಿನ ಗ್ರಂಥಾಲಯದಲ್ಲಿ. ಆಮೇಲೆ ಅಮೆಜಾನ್ ಕಾಡಿಗೆ ಹೋಗಿ ನಾಲ್ಕು ವರ್ಷ ಕೀಟ, ಹಕ್ಕಿ ಕೂಡಿಹಾಕಿದ. 1852ರಲ್ಲಿ ಮರಳುವಾಗ ಹಡಗಿಗೆ ಬೆಂಕಿ ಬಿದ್ದು ಸಂಗ್ರಹದ ಹೆಚ್ಚಿನ ಪಾಲು ಹೋಯಿತು. ಎದೆಗುಂದದೆ 1854ರಲ್ಲಿ ಮಲಯ ದ್ವೀಪಗಳಿಗೆ ಹೊರಟ. 1858ರಲ್ಲಿ ಅಲ್ಲಿ ಜ್ವರದಲ್ಲಿ ಮಲಗಿದ್ದಾಗ, ಹಿಂದೆ ಓದಿದ ಮಾಲ್ತಸ್ ನೆನಪಾಗಿ ಅದೇ ವಿಚಾರ ಹೊಳೆಯಿತು. ಬರೆದು ಡಾರ್ವಿನ್ನನಿಗೇ ಕಳಿಸಿದ!

ಡಾರ್ವಿನ್ ಕಂಗೆಟ್ಟ. ಕೊನೆಗೆ ಲಯೆಲ್ ಮತ್ತು ಹುಕರ್ ಸೇರಿ ಇಬ್ಬರ ಬರಹಗಳನ್ನೂ 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಿಸಿದರು. ಕೆಲವೇ ದಿನಗಳ ಹಿಂದೆ ತೀರಿಕೊಂಡ ಎಳೆ ಮಗನ ದುಃಖದಲ್ಲಿದ್ದ ಡಾರ್ವಿನ್ ಸಭೆಗೆ ಬರಲಿಲ್ಲ. ವಾಲೇಸನಿಗೆ ಸಭೆಯ ವಿಷಯವೇ ಗೊತ್ತಿರಲಿಲ್ಲ. ಆದರೂ ಆತ ಮುಂದೆ ಜಗಳಕ್ಕೆ ಬರಲಿಲ್ಲ. 1889ರಲ್ಲಿ ತಾನೇ ಬರೆದ ಪುಸ್ತಕಕ್ಕೆ 'ಡಾರ್ವಿನಿಸಂ' ಎಂದು ಹೆಸರಿಟ್ಟ.

1859ರ ನವೆಂಬರ್ 24ರಂದು ಡಾರ್ವಿನ್ನನ ಪುಸ್ತಕ ಬಂತು. ಅಲ್ಲಿಗೆ ಮುಗಿಯಲಿಲ್ಲ, ನಿಜವಾದ ಪರೀಕ್ಷೆ ಶುರುವಾದದ್ದೇ ಆಗ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಭೂಮಿ ತಣಿಯುವ ಲೆಕ್ಕ ಹಾಕಿ, ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದೊಳಗೆ ಎಂದ. ವಿಕಾಸಕ್ಕೆ ಅಷ್ಟು ಸಮಯ ಸಾಲದು! 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಇನ್ನೊಂದು ಪ್ರಶ್ನೆ ಎಸೆದ: ತಂದೆತಾಯಿಯ ಗುಣಗಳು ಹಾಲು ನೀರಿನಂತೆ ಬೆರೆತರೆ, ಒಳ್ಳೆಯ ವ್ಯತ್ಯಾಸ ಕೆಲವು ತಲೆಮಾರಿನಲ್ಲಿ ತೆಳುವಾಗಿ ಹೋಗದೇ? ಎರಡಕ್ಕೂ ಡಾರ್ವಿನ್ನನಲ್ಲಿ ಸರಿಯಾದ ಉತ್ತರ ಇರಲಿಲ್ಲ. 1882ರಲ್ಲಿ ತೀರಿಕೊಳ್ಳುವಾಗಲೂ ಇರಲಿಲ್ಲ.

ಉತ್ತರ ಬೇರೆಯವರಿಂದ ಬಂತು. ಗುಣಗಳು ಬೆರೆತು ಮಾಯವಾಗುವುದಿಲ್ಲ, ಕಾಳುಗಳಂತೆ ಬಿಡಿಬಿಡಿಯಾಗಿ ದಾಟುತ್ತವೆ ಎಂದು ಬಟಾಣಿ ಗಿಡಗಳಿಂದ ತೋರಿಸಿದ ಗ್ರೆಗರ್ ಮೆಂಡೆಲನ ಲೇಖನ 1866ರಲ್ಲೇ ಅಚ್ಚಾಗಿತ್ತು. ಲೋಕದ ಗಮನಕ್ಕೆ ಬಂದದ್ದು 1900ರಲ್ಲಿ. ವಿಕಿರಣಶೀಲತೆಯ ಶೋಧದ ನಂತರ ಶಿಲೆಗಳ ವಯಸ್ಸು ಅಳೆಯುವ ದಾರಿ ಸಿಕ್ಕಿತು. ಭೂಮಿಗೆ ಸುಮಾರು 454 ಕೋಟಿ ವರ್ಷ ಎಂದು ತಿಳಿಯಿತು. 1920, 30ರ ದಶಕಗಳಲ್ಲಿ ಫಿಶರ್, ಹಾಲ್ಡೇನ್, ರೈಟ್ ಎಂಬವರು ಡಾರ್ವಿನ್ ಮತ್ತು ಮೆಂಡೆಲರನ್ನು ಗಣಿತದಿಂದ ಜೋಡಿಸಿದರು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಸಿದ್ಧಾಂತಕ್ಕೆ ಮುಂದಿನದನ್ನು ಹೇಳುವ ಧೈರ್ಯವೂ ಬೇಕು. ಮೀನುಗಳಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದಿದ್ದರೆ ನಡುವಿನದ್ದು ಎಲ್ಲಿ ಸಿಗಬೇಕು? ಸುಮಾರು 37.5 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಎಂದು ಲೆಕ್ಕ ಹಾಕಿ ಹುಡುಕಿದವರಿಗೆ 2004ರಲ್ಲಿ ಕೆನಡಾದ ಉತ್ತರದ ದ್ವೀಪದಲ್ಲಿ ಟಿಕ್ಟಾಲಿಕ್ ಎಂಬ ಪಳೆಯುಳಿಕೆ ಸಿಕ್ಕಿತು. ಮೀನಿನ ಹುರುಪೆ ಇದೆ, ಕತ್ತೂ ಇದೆ!

ಹುಡುಗ ಮತ್ತೆ ಬಂದಾಗ ಇಷ್ಟನ್ನೂ ಹೇಳಿದೆ. "ಹಾಗಾದರೆ ಮಂಗಗಳು ಈಗ ಯಾಕೆ ಮನುಷ್ಯರಾಗುವುದಿಲ್ಲ?" ಎಂದ. ನಮ್ಮೂರಿನ ಉದಾಹರಣೆ ಕೊಟ್ಟೆ. "ತುಳುವಿನಿಂದ ಕನ್ನಡ ಬಂತಾ, ಮಲಯಾಳದಿಂದ ಕನ್ನಡ ಬಂತಾ?" "ಇಲ್ಲ, ಎಲ್ಲ ಹಳೆಯ ಒಂದೇ ದ್ರಾವಿಡ ಮೂಲದವು." "ಮಂಗ, ಮನುಷ್ಯರ ಕಥೆಯೂ ಹಾಗೇ. ಒಂದು ಇನ್ನೊಂದಾಗುವುದಲ್ಲ, ಇಬ್ಬರಿಗೂ ಹಳೆಯ ಹಿರಿಯರು ಒಬ್ಬರೇ." ಮಂಗ ಎದ್ದು ನಡೆದು ಮನುಷ್ಯನಾಗುವ ಸಾಲುಚಿತ್ರವನ್ನು ಇದೇ ಹುಡುಗನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದವ ನಾನೇ ಎಂದೂ ಒಪ್ಪಿಕೊಂಡೆ. ಅವನು ನಕ್ಕ.

ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುವ ವಿಜ್ಞಾನದ ಪುಸ್ತಕಗಳು ಕಡಿಮೆ. ನಾವು ತಪ್ಪು ಹೇಳಿದರೆ ತಿದ್ದಿಕೊಳ್ಳಲು ಅವರಿಗೆ ಇನ್ನೊಂದು ಕಡೆ ಇಲ್ಲ. ಡಾರ್ವಿನ್ ತನ್ನ ಪುಸ್ತಕದಲ್ಲೇ ಒಂದು ಅಧ್ಯಾಯವನ್ನು ತನ್ನ ವಿಚಾರಕ್ಕೆ ಬರುವ ಆಕ್ಷೇಪಗಳಿಗೆಂದೇ ಮೀಸಲಿಟ್ಟಿದ್ದ. ಮಾಷ್ಟ್ರುಗಳಾದ ನಾವು ಅಷ್ಟಾದರೂ ಕಲಿಯಬಹುದಲ್ಲವೇ?