ಪಾವತಿ ಕಾನೂನಿನ ಪಾಠದಲ್ಲಿ ಕಲಂ 25ರ ಸ್ಥಾನ: ಒಂದು ಟಿಪ್ಪಣಿ

1. ಪ್ರಶ್ನೆ

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ನ್ನೂ (ಹಣ ಸಾಲದೆ ಚೆಕ್ಕು ಅಮಾನ್ಯವಾಗುವ ಅಪರಾಧ) 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ಕಲಂ 25ನ್ನೂ (ಹಣ ಸಾಲದೆ ಇಲೆಕ್ಟ್ರಾನಿಕ್ ವರ್ಗಾವಣೆ ವಿಫಲವಾಗುವ ಅಪರಾಧ) ಜೋಡಿಯಾಗಿ ಕಲಿಸಿದರೆ ಯುಪಿಐಗೆ ಎಲ್ಲಿ ಸ್ಥಾನ? ಈ ಟಿಪ್ಪಣಿಯ ವ್ಯಾಪ್ತಿ ಇಷ್ಟೇ.

2. ದಿನಾಂಕಗಳು

ಕಲಂ 138 ಮೂಲ ಕಾಯ್ದೆಯಲ್ಲಿ ಇರಲಿಲ್ಲ. 1988ರ ತಿದ್ದುಪಡಿಯಿಂದ ಸೇರಿ 1989ರ ಏಪ್ರಿಲ್ 1ರಂದು ಜಾರಿಗೆ ಬಂತು. ಆಗ ಗರಿಷ್ಠ ಸೆರೆವಾಸ ಒಂದು ವರ್ಷ, ನೋಟಿಸು ಕೊಡಲು ಗಡುವು 15 ದಿನ. 2002ರ ತಿದ್ದುಪಡಿ ಇವನ್ನು ಎರಡು ವರ್ಷಕ್ಕೂ 30 ದಿನಕ್ಕೂ ಏರಿಸಿತು; ಅದು ಜಾರಿಯಾದದ್ದು 2003ರ ಫೆಬ್ರವರಿ 6ರಂದು. ಹಳೆಯ ತೀರ್ಪುಗಳ ಅಂಕಿಗಳು ಇಂದಿನ ಪಠ್ಯಕ್ಕೆ ತಾಳೆಯಾಗದಿರಲು ಬಹುಮಟ್ಟಿಗೆ ಇದೇ ಕಾರಣ. ಕಲಂ 25 ಪರಿಷ್ಕೃತ ಅಂಕಿಗಳನ್ನೇ ಅನುಸರಿಸುತ್ತದೆ. ಅದರ ಕಾಯ್ದೆಗೆ ಅಂಕಿತ ಬಿದ್ದದ್ದು 2007ರ ಡಿಸೆಂಬರ್ 20ರಂದು, ಜಾರಿ 2008ರ ಆಗಸ್ಟ್ 12ರಿಂದ. ಯುಪಿಐಗೂ ಎರಡು ದಿನಾಂಕಗಳಿವೆ: 2016ರ ಏಪ್ರಿಲ್ 11ರಂದು ಪ್ರಾಯೋಗಿಕ ಚಾಲನೆ, ಆಗಸ್ಟ್ 25ರಿಂದ ಬ್ಯಾಂಕುಗಳ ಆ್ಯಪ್‌ಗಳು.

3. ಹೋಲಿಕೆಯ ಮಿತಿ

ಚೆಕ್ಕು ಬರೆದುಕೊಟ್ಟ ದಿನಕ್ಕೂ ಅದು ಬ್ಯಾಂಕಿಗೆ ಹೋಗುವ ದಿನಕ್ಕೂ ಅಂತರವಿರುತ್ತದೆ. ಅಷ್ಟು ಹೊತ್ತು ಹಣ ಬರಬೇಕಾದವರು ಚೆಕ್ಕನ್ನೇ ನಂಬಿರುತ್ತಾರೆ. ಕಲಂ 138 ಕಾಯುವುದು ಪ್ರಾಯಶಃ ಆ ನಂಬಿಕೆಯನ್ನು. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುವ ಪಾವತಿಯಲ್ಲಿ ಈ ಅಂತರ ಇಲ್ಲವೆಂದೇ ಹೇಳಬಹುದು. ಖಾತೆಯಲ್ಲಿ ಹಣ ಸಾಲದಿದ್ದರೆ ವಹಿವಾಟು ಅಲ್ಲೇ ವಿಫಲವಾಗುತ್ತದೆ, ಅಂಗಡಿಯವರಿಗೂ ಅದು ಸಾಮಾನ್ಯವಾಗಿ ಅಲ್ಲೇ ತಿಳಿಯುತ್ತದೆ.

ಕಲಂ 25ರ ಅಕ್ಷರಾರ್ಥಕ್ಕೆ ಇಂಥ ವೈಫಲ್ಯವೂ ಒಳಪಡುವಂತೆ ಕಾಣಬಹುದು. ಆದರೂ ಅದರ ಸಹಜ ನೆಲೆ ಮುಂಚಿತವಾಗಿ ಕೊಟ್ಟ ಆದೇಶ, ಅಂದರೆ ಸಾಲದ ಕಂತಿಗೆ ಬರೆದುಕೊಟ್ಟ ಇಸಿಎಸ್ ಅಥವಾ ನ್ಯಾಚ್ ಮ್ಯಾಂಡೇಟ್. ಯುಪಿಐ ಆಟೋಪೇ ಈ ಗುಂಪಿಗೆ ಹತ್ತಿರವೆಂದು ತೋರುತ್ತದೆ. ಹಾಗಿದ್ದಲ್ಲಿ ಯುಪಿಐ ಎಂಬ ಒಂದೇ ಹೆಸರಿನಡಿ ಕನಿಷ್ಠ ಎರಡು ಕಾನೂನು ಸ್ಥಿತಿಗಳಿವೆ.

4. ಪಾಠಕ್ರಮಕ್ಕೆ ಸಂಬಂಧಿಸಿ

ಚೆಕ್ಕು, ಕಾರ್ಡು, ಯುಪಿಐ ಎಂದು ಸಾಧನವಾರು ಅಧ್ಯಾಯ ಮಾಡುವುದರಿಂದ ಈ ಭೇದ ಮರೆಯಾಗುತ್ತದೆ. ಆದೇಶ ಕೊಟ್ಟವರು ಯಾರು, ಹಣ ಚಲಿಸುವುದಕ್ಕಿಂತ ಎಷ್ಟು ಮೊದಲು ಕೊಟ್ಟರು ಎಂಬ ಪ್ರಶ್ನೆಗಳಿಂದ ತೊಡಗುವುದು ಹೆಚ್ಚು ನಿಖರ.

5. ಸುತ್ತೋಲೆ

ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಕಳಿಸಿದ ಹಣ ಖಾತೆಯಿಂದ ಕಡಿತವಾಗಿಯೂ ಎದುರಿನವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ಈ ನಿಯಮವಿರುವುದು 2007ರ ಕಾಯ್ದೆಯ ಪಠ್ಯದಲ್ಲಲ್ಲ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಅದರ ಕಲಂ 10(2) ಮತ್ತು 18ರಡಿ ಹೊರಡಿಸಿದ ಸುತ್ತೋಲೆಯಲ್ಲಿ. ಅಂಗಡಿಗಳಿಗೆ ಮಾಡಿದ ಪಾವತಿಗೆ ಅದೇ ಸುತ್ತೋಲೆ ಐದು ದಿನಗಳ ಅವಧಿ ಕೊಡುತ್ತದೆ. ಪಾಠದಲ್ಲಿ ಈ ಎರಡು ಅವಧಿಗಳನ್ನೂ ಬೇರೆಬೇರೆಯಾಗಿಯೇ ನಮೂದಿಸತಕ್ಕದ್ದು.